ಟೇಕಾಫ್ ಆದ ಮೊದಲ ಎರಡು ನಿಮಿಷ: ಫ್ಲೈಟ್‌ರಾಡಾರ್24 ಎಷ್ಟು ಹೇಳಬಲ್ಲದು?

ಸಣ್ಣ ಜೆಟ್ ವಿಮಾನವೊಂದು ನೆಲ ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಬಿದ್ದ ಸುದ್ದಿ ಬಂದರೆ, ತನಿಖಾಧಿಕಾರಿಗಳು ಸ್ಥಳಕ್ಕೆ ಹೋಗುವ ಮೊದಲೇ ಟಿವಿ ಪರದೆಯ ಮೇಲೆ ಹಳದಿ ವಿಮಾನದ ಗುರುತೊಂದು ನಕಾಶೆಯ ಮೇಲೆ ಸಾಗಿ ನಿಂತುಬಿಡುವ ಚಿತ್ರ ಬರುತ್ತದೆ. ಅದು ಹೆಚ್ಚಾಗಿ ಸ್ವೀಡನ್ನಿನ ಫ್ಲೈಟ್‌ರಾಡಾರ್24 ಸೇವೆಯಿಂದ ತೆಗೆದದ್ದಾಗಿರುತ್ತದೆ. ಮಡಿಕೇರಿಯ ಮನೆಯಲ್ಲಿ ಕುಳಿತು ಈ ಸೇವೆಯನ್ನು ಬಳಸುವವರಿಗೆ ಅಂತಹ ಅಪಘಾತದ ಸಂಭವನೀಯ ಕಾರಣಗಳನ್ನು ಯೋಚಿಸಲು ಅದು ಎಷ್ಟರ ಮಟ್ಟಿಗೆ ಉಪಯುಕ್ತ, ಹಣ ಕೊಟ್ಟರೆ ಹೆಚ್ಚೇನು ಸಿಗುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ. ವಿಮಾನ ನಿಲ್ದಾಣವಿರಲಿ, ರೈಲು ಹಳಿಯೂ ಇಲ್ಲದ ಜಿಲ್ಲೆಯವರಿಗೆ ಇದರ ಗೊಡವೆ ಏಕೆ ಎಂದು ಕೇಳುವವರು, 1965ರಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಸ್ಟಾರ್‌ಫೈಟರ್ ಯುದ್ಧವಿಮಾನದ ಎದುರು ಹೋರಾಡಿದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು ಈ ಊರುಗಳ ಕಡೆಯವರೇ ಎಂಬುದನ್ನು ನೆನಪಿಸಿಕೊಳ್ಳಬಹುದು. ವಾಯುಪಡೆಯಿಂದ ನಿವೃತ್ತರಾಗಿ ಬಂದು ಕಾಫಿ ತೋಟ ನೋಡಿಕೊಳ್ಳುತ್ತಿರುವವರು ನಮ್ಮ ಬೀದಿಯಲ್ಲೂ ಇದ್ದಾರೆ.

ಸೇವೆಯ ಮೂಲ ತತ್ತ್ವ ಸರಳ. ವಿಮಾನವು ಜಿಪಿಎಸ್‌ನಿಂದ ತನ್ನ ಸ್ಥಾನವನ್ನು ತಿಳಿದುಕೊಂಡು, ಎತ್ತರ ಮತ್ತು ವೇಗದ ಜೊತೆಗೆ ಅದನ್ನು 1090 ಮೆಗಾಹರ್ಟ್ಸ್ ತರಂಗದಲ್ಲಿ ಪ್ರಸಾರ ಮಾಡುತ್ತಲೇ ಇರುತ್ತದೆ. ಈ ವ್ಯವಸ್ಥೆಯ ಹೆಸರು ಎಡಿಎಸ್-ಬಿ. ನೆಲದ ಮೇಲೆ ಹವ್ಯಾಸಿಗಳು ಇಟ್ಟುಕೊಂಡ ರಿಸೀವರ್‌ಗಳು ಅದನ್ನು ಹಿಡಿದು ಇಂಟರ್‌ನೆಟ್ ಮೂಲಕ ಕಂಪನಿಗೆ ಕಳಿಸುತ್ತವೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ರೇಡಿಯೋ ಸಂಕೇತ ಹಿಡಿಯುವ ಒಂದು ಡಾಂಗಲ್ ಸೇರಿಸಿ, ನೀರಿನ ಟ್ಯಾಂಕಿನ ಸ್ಟ್ಯಾಂಡಿಗೆ ಆಂಟೆನಾ ಕಟ್ಟಿದರೆ ನಾವೂ ಆ ಜಾಲದ ಭಾಗವಾಗುತ್ತೇವೆ, ಮತ್ತು ದತ್ತಾಂಶ ಕಳಿಸುತ್ತಿರುವಷ್ಟು ಕಾಲ ಅತ್ಯಂತ ದುಬಾರಿಯಾದ ಬಿಸಿನೆಸ್ ಸದಸ್ಯತ್ವ ಉಚಿತವಾಗಿ ಸಿಗುತ್ತದೆ. ನನ್ನ ಮಟ್ಟಿಗೆ ಈ ಸೇವೆಯ ಅತ್ಯುತ್ತಮ ಅಂಶವೇ ಇದು. ಆಷಾಢದ ಮಳೆಯಲ್ಲಿ ಕರೆಂಟ್ ಹೋಗುವ ನಮ್ಮಂತಹ ಕಡೆ ಇನ್ವರ್ಟರ್ ಇಲ್ಲದೆ ಈ ಉಸಾಬರಿಗೆ ಕೈಹಾಕಬಾರದು ಎಂಬುದಷ್ಟೇ ಎಚ್ಚರಿಕೆಯ ಮಾತು.

ಆದರೆ ಈ ತರಂಗ ನೇರ ದೃಷ್ಟಿಯಲ್ಲಿ ಮಾತ್ರ ಚಲಿಸುತ್ತದೆ. ಬೆಂಗಳೂರಿನಿಂದ ಕೊಲ್ಲಿ ದೇಶಗಳತ್ತ ಎತ್ತರದಲ್ಲಿ ಹೋಗುವ ವಿಮಾನಗಳು ನಮ್ಮ ಬೆಟ್ಟದ ಮೇಲಿನ ಆಂಟೆನಾಕ್ಕೆ ಸಲೀಸಾಗಿ ಸಿಗುತ್ತವೆ. ಘಟ್ಟದ ಕೆಳಗೆ ಮಟ್ಟನ್ನೂರಿನಲ್ಲಿರುವ ಕಣ್ಣೂರು ನಿಲ್ದಾಣದಿಂದ ಏಳುವ ವಿಮಾನ ಮಾತ್ರ ಬೆಟ್ಟದ ಸಾಲಿಗಿಂತ ಮೇಲೆ ಬರುವ ತನಕ ಕಾಣುವುದಿಲ್ಲ. ಟೇಕಾಫ್ ಅಪಘಾತಗಳ ವಿಷಯದಲ್ಲಿ ಈ ಸೇವೆಯ ಮುಖ್ಯ ದೌರ್ಬಲ್ಯ ಇದೇ: ಜನ ಅತ್ಯಂತ ಕುತೂಹಲದಿಂದ ನೋಡುವ ಆ ಮೊದಲ ಕೆಲವು ನೂರು ಅಡಿಗಳಲ್ಲೇ ದತ್ತಾಂಶ ಅತ್ಯಂತ ತೆಳುವಾಗಿರುತ್ತದೆ. ನಿಲ್ದಾಣದ ಪಕ್ಕದಲ್ಲೇ ರಿಸೀವರ್ ಇದ್ದರೆ ಪರಿಸ್ಥಿತಿ ಬೇರೆ. ಇಲ್ಲದಿದ್ದರೆ ಎಷ್ಟು ಹಣ ಕೊಟ್ಟರೂ ಇಲ್ಲದ ಸಂಕೇತವನ್ನು ಯಾರೂ ತಂದುಕೊಡಲಾರರು.

ಇದಕ್ಕೆ ಅಹಮದಾಬಾದಿನ ದುರಂತವೇ ಸಾಕ್ಷಿ. ಅದು ಸಣ್ಣ ಜೆಟ್ ಅಲ್ಲ, ನಿಜ, ಆದರೆ ಪಾಠ ಅದೇ. 2025ರ ಜೂನ್ 12ರಂದು ಏರ್ ಇಂಡಿಯಾ 171 ಬಿದ್ದ ಕೆಲವೇ ಗಂಟೆಗಳಲ್ಲಿ, ವಿಮಾನವು ರನ್‌ವೇಯ ಅರ್ಧದಿಂದಲೇ ಓಟ ಆರಂಭಿಸಿತ್ತು ಎಂಬ ವಾದ ಈ ನಕಾಶೆಯನ್ನೇ ಆಧಾರವಾಗಿಟ್ಟುಕೊಂಡು ಹರಡಿತು. ಬೇರೆ ಬೇರೆ ರಿಸೀವರ್‌ಗಳ ದತ್ತಾಂಶವನ್ನು ಕೂಡಿಸಿ ನೋಡಿದ ಮೇಲೆ, ವಿಮಾನವು ರನ್‌ವೇಯ ತುದಿಗೆ ಹೋಗಿ ತಿರುಗಿ ಪೂರ್ತಿ ಉದ್ದವನ್ನು ಬಳಸಿತ್ತು ಎಂದು ಕಂಪನಿಯೇ ಸ್ಪಷ್ಟಪಡಿಸಿತು. ವಿಮಾನ 625 ಅಡಿ ಏರಿತ್ತು ಎಂದು ಆಗ ಹರಡಿದ ಅಂಕಿಯ ಕಥೆಯೂ ಹೀಗೆಯೇ. ಎಡಿಎಸ್-ಬಿ ಕಳಿಸುವ ಎತ್ತರವು 1013.25 ಹೆಕ್ಟೋಪ್ಯಾಸ್ಕಲ್ ಎಂಬ ನಿಗದಿತ ಒತ್ತಡಕ್ಕೆ ಹೋಲಿಸಿ ಅಳೆದದ್ದು. ಮಳೆಗಾಲದ ಕಡಿಮೆ ಒತ್ತಡದ ದಿನ ಒಂದೊಂದು ಹೆಕ್ಟೋಪ್ಯಾಸ್ಕಲ್ ಇಳಿತಕ್ಕೆ ಸುಮಾರು 27ರಿಂದ 30 ಅಡಿಯಂತೆ ತೋರಿಕೆಯ ಎತ್ತರ ಹಿಗ್ಗುತ್ತದೆ, ನಿಲ್ದಾಣದ ಎತ್ತರವೂ ಅದರೊಳಗೆ ಸೇರಿರುತ್ತದೆ. ಎರಡನ್ನೂ ಕಳೆದರೆ ಅಲ್ಲಿ ದಾಖಲಾದ ಎತ್ತರ ರನ್‌ವೇಯಿಂದ ನೂರು ಅಡಿಗಿಂತಲೂ ಕೆಳಗಿತ್ತು. ಈ ತಿದ್ದುಪಡಿಯನ್ನು ಆ್ಯಪ್‌ನ ಪರದೆಯಲ್ಲೇ ತೋರಿಸುವ ಒಂದು ಬಟನ್ ಇರಬೇಕಿತ್ತು ಎಂಬುದು ನನ್ನ ಬೇಡಿಕೆ.

ಕಾರಣಗಳ ವಿಷಯಕ್ಕೆ ಬರೋಣ. ದಾರಿಯ ರೇಖೆ ನಿಜವಾಗಿ ಸಹಾಯಕ್ಕೆ ಬರುವುದು ವಿಮಾನ ಸ್ವಲ್ಪ ಹೊತ್ತಾದರೂ ಹಾರಿದ ಪ್ರಕರಣಗಳಲ್ಲಿ. 2016ರ ಡಿಸೆಂಬರ್ 29ರ ರಾತ್ರಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಸೆಸ್ನಾ ಸೈಟೇಷನ್ ಜೆಟ್ ಒಂದು ಎದ್ದು, ಕತ್ತಲಾಗಿದ್ದ ಈರಿ ಸರೋವರದ ಮೇಲೆ ಬಲಕ್ಕೆ ತಿರುಗಿ ನೀರಿಗೆ ಬಿದ್ದು, ಒಳಗಿದ್ದ ಆರೂ ಜನ ತೀರಿಕೊಂಡರು. ಅಂತಹ ತಿರುವು ಬಿಗಿಯಾಗುತ್ತಾ, ಏರಿಕೆ ಇಳಿಕೆಯಾಗಿ ಬದಲಾಗುವುದನ್ನು ರೇಖೆಯಲ್ಲಿ ಗುರುತಿಸಬಹುದು. ಎಂಜಿನ್ ಶಕ್ತಿ ಕಳೆದುಕೊಂಡು ವೇಗ ಕುಗ್ಗುತ್ತಾ ಬೀಳುವ ರೀತಿಗೂ ಇದಕ್ಕೂ ವ್ಯತ್ಯಾಸವಿದೆ. ಆದರೆ ಪೈಲಟ್‌ಗೆ ದಿಕ್ಕಿನ ಭ್ರಮೆ ಏಕೆ ಉಂಟಾಯಿತು ಎಂಬುದನ್ನು ಅಲ್ಲಿನ ತನಿಖಾ ಮಂಡಳಿಯೇ ಹೇಳಬೇಕಾಯಿತು: ದಣಿವು, ಜೊತೆಗೆ ಆಟೋಪೈಲಟ್ ಚಾಲೂ ಆಗಿದೆ ಎಂಬ ತಪ್ಪು ನಂಬಿಕೆ. ಆ ಪೈಲಟ್ ಅದಕ್ಕೂ ಮೊದಲು ಹಾರಿಸುತ್ತಿದ್ದ ಚಿಕ್ಕ ಸೈಟೇಷನ್‌ನಲ್ಲಿ ಆಟೋಪೈಲಟ್ ಸೂಚನೆ ಕಾಣುವ ಜಾಗ ಬೇರೆಯಾಗಿತ್ತು. ಇಂತಹ ಸಂಗತಿ ಯಾವ ನಕಾಶೆಯಲ್ಲೂ ಕಾಣದು.

ರೆಕ್ಕೆಯ ಮೇಲಿನ ಹಿಮ ಇದಕ್ಕೆ ವಿರುದ್ಧವಾದ ಉದಾಹರಣೆ. 2002ರ ಜನವರಿ 4ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಚಾಲೆಂಜರ್ 604 ಜೆಟ್ ನೆಲ ಬಿಟ್ಟೊಡನೆ ಎಡಕ್ಕೆ ಮಗುಚಿ ಬಿತ್ತು. ಎರಡು ರೆಕ್ಕೆಗಳ ಮೇಲಿನ ಹಿಮಲೇಪ ಸಮನಾಗಿಲ್ಲದಿದ್ದುದು ಕಾರಣ ಎಂದು ತನಿಖೆ ಹೇಳಿತು. 2004ರ ನವೆಂಬರ್‌ನಲ್ಲಿ ಕೊಲರಾಡೊದ ಮಾಂಟ್ರೋಸ್‌ನಲ್ಲಿ ಅದೇ ಚಾಲೆಂಜರ್ ಸರಣಿಯ ಇನ್ನೊಂದು ವಿಮಾನವೂ ಹಿಮದ ಕಾರಣಕ್ಕೇ ಬಿತ್ತು. ಆ ಮಾದರಿಗಳ ರೆಕ್ಕೆಯ ಮುಂಚೂಣಿಯಲ್ಲಿ ಟೇಕಾಫ್ ವೇಳೆ ಹೊರಚಾಚುವ ಸ್ಲ್ಯಾಟ್‌ಗಳಿಲ್ಲ. ಆದ್ದರಿಂದ ಮರಳು ಕಾಗದದಷ್ಟು ಒರಟುತನವೂ ಎತ್ತುವ ಬಲವನ್ನು ಕಸಿಯುತ್ತದೆ. ಇಡೀ ಘಟನೆ ಕೆಲವೇ ಸೆಕೆಂಡುಗಳದ್ದು. ಆ್ಯಪ್‌ನಲ್ಲಿ ಇಂತಹ ಹಾರಾಟ ಒಂದೆರಡು ಚುಕ್ಕೆಗಳಾಗಿ ಉಳಿದರೆ ಹೆಚ್ಚು, ಮತ್ತು ಟೇಕಾಫ್‌ಗೆ ಹೆಚ್ಚಿನ ಎತ್ತುವ ಬಲ ಕೊಡುವ, ರೆಕ್ಕೆಯ ಹಿಂಬದಿಯ ಫ್ಲ್ಯಾಪ್‌ಗಳನ್ನು ಸರಿಯಾಗಿ ಇಳಿಸದೆ ಹೊರಟ ವಿಮಾನದ ಚುಕ್ಕೆಗಳೂ ಹೆಚ್ಚು ಕಡಿಮೆ ಹಾಗೆಯೇ ಕಾಣುತ್ತವೆ.

ಇನ್ನು ಮನುಷ್ಯರ ಮರೆವು. 2014ರ ಮೇ 31ರಂದು ಮ್ಯಾಸಚೂಸೆಟ್ಸ್‌ನ ಬೆಡ್‌ಫೋರ್ಡಿನಲ್ಲಿ ಗಲ್ಫ್‌ಸ್ಟ್ರೀಮ್ 4 ಜೆಟ್, ನಿಂತಿರುವಾಗ ಗಾಳಿಗೆ ಅಲುಗಾಡದಂತೆ ನಿಯಂತ್ರಣಗಳನ್ನು ಬಂಧಿಸಿಡುವ ಗಸ್ಟ್ ಲಾಕ್ ತೆಗೆಯದೆಯೇ ಓಡಿ, ಮೇಲೇಳಲಾಗದೆ ರನ್‌ವೇ ದಾಟಿತು. ಏಳು ಜನ ಸತ್ತರು. ಆ ಸಿಬ್ಬಂದಿ ಹಿಂದಿನ 175 ಟೇಕಾಫ್‌ಗಳಲ್ಲಿ ಶೇಕಡಾ 98ರಷ್ಟು ಸಲ ನಿಯಂತ್ರಣಗಳ ಪೂರ್ಣ ಪರೀಕ್ಷೆ ಮಾಡಿರಲಿಲ್ಲ ಎಂಬುದು ಆ ವರದಿಯ ಅತ್ಯಂತ ಕಹಿಯಾದ ಸಾಲು. 2021ರ ಸೆಪ್ಟೆಂಬರ್‌ನಲ್ಲಿ ಕನೆಕ್ಟಿಕಟ್‌ನಲ್ಲಿ ಬಿದ್ದ ಸೈಟೇಷನ್ ಪ್ರಕರಣದಲ್ಲಿ ಪಾರ್ಕಿಂಗ್ ಬ್ರೇಕ್ ಭಾಗಶಃ ಬಿಗಿಯಾಗಿಯೇ ಉಳಿದಿತ್ತು. ವೇಗ ಏರಿದ ಬಗೆಯನ್ನು ಒಂದೊಂದು ಸಾಲಾಗಿ ನೋಡಿದರೆ ಎಳೆದುಕೊಂಡು ಓಡಿದ ವಿಮಾನಕ್ಕೂ ಓಡಿಯೂ ಏಳದ ವಿಮಾನಕ್ಕೂ ಇರುವ ಅಂತರ ಕಾಣಬಹುದು. ಇಲ್ಲಿ ನಮ್ಮ ನೆರೆಯ ನಿವೃತ್ತ ತಂತ್ರಜ್ಞರ ಆಕ್ಷೇಪವನ್ನು ದಾಖಲಿಸಬೇಕು: "ನೀವು ನೋಡುತ್ತಿರುವುದು ನೆಲದ ಮೇಲಿನ ವೇಗ ಮಾರಾಯ್ರೆ, ರೆಕ್ಕೆಗೆ ಬೇಕಾದದ್ದು ಗಾಳಿಯ ವೇಗ." ಅವರ ಮಾತು ಸರಿ. ಗಾಳಿ ಹಿಂದಿನಿಂದ ಬೀಸುತ್ತಿತ್ತೇ, ಮುಂದಿನಿಂದಲೇ ಎಂಬುದನ್ನು ನಿಲ್ದಾಣದ ಹವಾಮಾನ ವರದಿಯಿಂದ ಪ್ರತ್ಯೇಕವಾಗಿ ತಿಳಿದು ಲೆಕ್ಕ ಹಾಕದ ಹೊರತು ಆ ಅಂಕಿಗೆ ಅರ್ಥವಿಲ್ಲ.

ಇಷ್ಟಾದರೂ ಸಣ್ಣ ಜೆಟ್‌ಗಳ ಮಟ್ಟಿಗೆ ಈ ದತ್ತಾಂಶವನ್ನು ತಳ್ಳಿಹಾಕುವಂತಿಲ್ಲ. ಅನೇಕ ಸಣ್ಣ ಜೆಟ್‌ಗಳಲ್ಲಿ ಫ್ಲೈಟ್ ಡೇಟಾ ರೆಕಾರ್ಡರ್ ಕಡ್ಡಾಯವೂ ಅಲ್ಲ. 2025ರ ಜನವರಿ 31ರಂದು ಫಿಲಡೆಲ್ಫಿಯಾದಲ್ಲಿ ರೋಗಿಯನ್ನು ಒಯ್ಯುತ್ತಿದ್ದ ಲಿಯರ್‌ಜೆಟ್ 55 ಎದ್ದ ಒಂದು ನಿಮಿಷದೊಳಗೆ ಬಿದ್ದಾಗ, ಸಿಕ್ಕ ಧ್ವನಿಮುದ್ರಕವು ಬಹುಶಃ ಹಲವು ವರ್ಷಗಳಿಂದ ಧ್ವನಿಯನ್ನೇ ದಾಖಲಿಸಿರಲಿಲ್ಲ ಎಂದು ಪ್ರಾಥಮಿಕ ವರದಿ ತಿಳಿಸಿತು. ಅಂತಹ ಸಂದರ್ಭದಲ್ಲಿ ಹೊರಗಿನಿಂದ ಹಿಡಿದ ಸಂಕೇತಗಳ ಬೆಲೆ ಹೆಚ್ಚುತ್ತದೆ. ಇನ್ನೊಂದು ಕೊರತೆಯೆಂದರೆ, ಮಾಲೀಕರು ಕೋರಿಕೊಂಡರೆ ಖಾಸಗಿ ಜೆಟ್‌ನ ಗುರುತನ್ನು ಈ ಸೇವೆ ಮರೆಮಾಡುತ್ತದೆ. ಎಡಿಎಸ್-ಬಿ ಎಕ್ಸ್‌ಚೇಂಜ್ ಎಂಬ ಪ್ರತಿಸ್ಪರ್ಧಿ ಸೇವೆ ಹಾಗೆ ಮರೆಮಾಡದಿರುವುದನ್ನೇ ತನ್ನ ಹೆಗ್ಗಳಿಕೆಯಾಗಿ ಹೇಳಿಕೊಳ್ಳುತ್ತದೆ.

ಯಾವ ಹಂತದ ಸದಸ್ಯತ್ವ ಕೊಳ್ಳಬೇಕು? ಉಚಿತ ಬಳಕೆಯಲ್ಲಿ ಹಳೆಯ ಹಾರಾಟಗಳು 7 ದಿನ ಮಾತ್ರ ಸಿಗುತ್ತವೆ, ಸಿಲ್ವರ್‌ನಲ್ಲಿ 90 ದಿನ, ಗೋಲ್ಡ್‌ನಲ್ಲಿ 365 ದಿನ. ಅಂತಾರಾಷ್ಟ್ರೀಯ ನಿಯಮದಂತೆ ಅಪಘಾತದ ಪ್ರಾಥಮಿಕ ವರದಿಗೆ 30 ದಿನಗಳ ಕಾಲಾವಕಾಶವಿರುವುದರಿಂದ, ವರದಿ ಕೈಗೆ ಬಂದಾಗ ಹೋಲಿಸಿ ನೋಡಬೇಕೆನ್ನುವವರಿಗೆ ಉಚಿತ ಹಂತ ಸಾಲದು, ಸಿಲ್ವರ್ ಸಾಕು. ಅಂತಿಮ ವರದಿ ಒಂದು ವರ್ಷವನ್ನೂ ಮೀರುವುದೇ ಹೆಚ್ಚಾದ್ದರಿಂದ ಗೋಲ್ಡ್‌ಗೆ ಹಣ ಹಾಕಿದರೂ ಕೊನೆಯ ಹೋಲಿಕೆಗೆ ಅದು ಒದಗುವುದಿಲ್ಲ. ದೊಡ್ಡ ಅಪಘಾತಗಳಾದಾಗ ಕಂಪನಿಯು ತನ್ನ ಬ್ಲಾಗಿನಲ್ಲಿ ಸೂಕ್ಷ್ಮ ದತ್ತಾಂಶವನ್ನು ಉಚಿತವಾಗಿಯೇ ಪ್ರಕಟಿಸುತ್ತದೆ. ಅದನ್ನು ಆಗಲೇ ಇಳಿಸಿಕೊಂಡು ಕಂಪ್ಯೂಟರಿನಲ್ಲಿ ಇಟ್ಟುಕೊಂಡರೆ ಯಾವ ಸದಸ್ಯತ್ವದ ಹಂಗೂ ಇರುವುದಿಲ್ಲ.