ಎರಡು ಕಿಲೋ ತೂಗದ ಮಗಳಿಗೆ ಕೊಂಡ ಕಾರ್ ಸೀಟ್

ನನ್ನ ಮಗಳು 33ನೇ ವಾರಕ್ಕೇ ಹುಟ್ಟಿದಳು. ಆಸ್ಪತ್ರೆಯಿಂದ ಬಿಡುಗಡೆಯ ಮಾತು ಬಂದಾಗ ಅವಳ ತೂಕ 1.95 ಕಿಲೋ. ‘ಹುಟ್ಟಿದ ದಿನದಿಂದಲೇ’ ಎಂದು ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದ ಸೀಟುಗಳನ್ನೆಲ್ಲ ನೋಡಿದೆ. ಕೈಪಿಡಿ ತೆರೆದರೆ ಹಲವು 2.3 ಕಿಲೋದಿಂದ ಶುರು. ಇದರಲ್ಲಿ 1.8 ಎಂದಿತ್ತು, ಕೊಂಡೆ.

ಇದರ ದೊಡ್ಡ ಗುಣವೆಂದರೆ ಪಟ್ಟಿಗಳು. ಹಿಂಮುಖವಾಗಿ ಕೂರುವ ಮಗುವಿಗೆ ಭುಜದ ಪಟ್ಟಿ ಭುಜದ ಮಟ್ಟದಿಂದ ಅಥವಾ ಅದಕ್ಕಿಂತ ಕೆಳಗಿನಿಂದ ಬರಬೇಕು. ಇದರ ಅತಿ ಕೆಳಗಿನ ಸೀಳು ಅವಳ ಪುಟ್ಟ ಭುಜಕ್ಕೂ ಸರಿಹೊಂದಿತು. ಕಾಲಿನ ನಡುವಿನ ಪಟ್ಟಿಯೂ ಬೆನ್ನಿಗೆ ಹತ್ತಿರವೇ ಇದೆ, ಮಗು ಕೆಳಗೆ ಜಾರುವುದು ಕಡಿಮೆ.

ಬೇಸರ ತಂದದ್ದು ಜೊತೆಗೆ ಬಂದ ತಲೆದಿಂಬು. ಮುಟ್ಟಿದರೆ ಬೆಣ್ಣೆಯಂತಿದೆ, ಆದರೆ ತಲೆಯನ್ನು ಮುಂದಕ್ಕೆ ತಳ್ಳುತ್ತದೆ. ಅದು ತಿಳಿದದ್ದು ಆಸ್ಪತ್ರೆಯಲ್ಲಿ. 37 ವಾರ ತುಂಬುವ ಮೊದಲೇ ಹುಟ್ಟಿದ ಮಕ್ಕಳನ್ನು ಅವರದೇ ಸೀಟಿನಲ್ಲಿ ಕೂರಿಸಿ, ಕನಿಷ್ಠ ಒಂದೂವರೆ ಗಂಟೆ ಉಸಿರು, ಹೃದಯಬಡಿತ, ಆಮ್ಲಜನಕ ಮೂರನ್ನೂ ಗಮನಿಸುತ್ತಾರೆ. ನಲವತ್ತು ನಿಮಿಷ ಎಲ್ಲ ಚೆನ್ನಾಗಿತ್ತು. ಆಮೇಲೆ ನಿದ್ದೆಯಲ್ಲೇ ಅವಳ ಗಲ್ಲ ಮೆಲ್ಲನೆ ಎದೆಗೆ ತಾಗಿತು. ಅಳಲಿಲ್ಲ, ಒದ್ದಾಡಲಿಲ್ಲ. ಪರದೆಯ ಮೇಲೆ ಮಾತ್ರ ಆಮ್ಲಜನಕದ ಅಂಕಿ 95 ಇದ್ದದ್ದು 88 ಆಯಿತು, 84 ಆಯಿತು. ನರ್ಸ್ ಒಂದೇ ಬೆರಳಿನಿಂದ ಗಲ್ಲವನ್ನು ಮೇಲಕ್ಕೆತ್ತಿದರು, ಅಂಕಿ ಏರತೊಡಗಿತು. ಆ ಬೆರಳು ಇಂದಿಗೂ ನನ್ನ ಕಣ್ಣ ಮುಂದಿದೆ.

ಮರುದಿನ ಮತ್ತೆ ಪರೀಕ್ಷೆ. ದಿಂಬನ್ನು ತೆಗೆದೆವು, ಕೈಪಿಡಿಯೇ ಅದಕ್ಕೆ ಒಪ್ಪುತ್ತದೆ. ಪಟ್ಟಿ ಬಿಗಿದ ಮೇಲೆ ತಲೆ, ಮೈಗಳ ಎರಡೂ ಬದಿಗೆ ತೆಳು ಬಟ್ಟೆ ಸುತ್ತಿಟ್ಟರು, ಕಾಲಿನ ನಡುವಿನ ಪಟ್ಟಿಗೂ ಮಗುವಿಗೂ ನಡುವೆ ಇನ್ನೊಂದು ಸಣ್ಣ ಸುರುಳಿ. ಬೆನ್ನ ಹಿಂದೆ, ಅಡಿಯಲ್ಲಿ ಏನೂ ಇಡಲಿಲ್ಲ. ಈ ಸಲ ಪಾಸಾದಳು. ಆಗದಿದ್ದರೆ ಮಲಗಿಸಿಯೇ ಕರೆದೊಯ್ಯುವ ಕಾರ್ ಬೆಡ್ ತರಿಸಬೇಕಿತ್ತು.

ಕಾರಿನಲ್ಲಿ ಕೂರಿಸುವಾಗ ಇನ್ನೊಂದು ಕಿರಿಕಿರಿ: ಸೀಟು ಎಷ್ಟು ವಾಲಿದೆ ಎಂದು ತೋರಿಸುವ ಗುರುತು ತೀರ ಸಣ್ಣದು, ಬಗ್ಗಿ ನೋಡಬೇಕು. ನಮ್ಮ ಹಿಂದಿನ ಆಸನ ಇಳಿಜಾರಾದ್ದರಿಂದ ಸೀಟಿನ ಬುಡಕ್ಕೆ ಟವೆಲ್ ಸುರುಳಿ ಕೊಟ್ಟ ಮೇಲೆಯೇ ಸರಿಯಾಯಿತು. ಕೈಪಿಡಿ ಇದಕ್ಕೂ ಅನುಮತಿ ಕೊಡುತ್ತದೆ. ಎದೆಯ ಕ್ಲಿಪ್ ಕಂಕುಳ ಮಟ್ಟದಲ್ಲಿ ಅಲುಗದೆ ನಿಲ್ಲುತ್ತದೆ. ದಪ್ಪ ಉಡುಪು ಹಾಕದೆ, ಪಟ್ಟಿ ಬಿಗಿದ ಮೇಲೆ ಹೊದಿಕೆ ಹೊದಿಸಿದೆ. ಗಂಡ ಕಾರು ಓಡಿಸಿದರು. ನಾನು ಹಿಂದೆ ಅವಳ ಪಕ್ಕದಲ್ಲಿ ಕುಳಿತು ದಾರಿಯುದ್ದಕ್ಕೂ ಗಲ್ಲವನ್ನೇ ನೋಡುತ್ತಿದ್ದೆ. ಮನೆ ತಲುಪಿದೊಡನೆ, ನಿದ್ದೆಯಲ್ಲಿದ್ದರೂ, ಸೀಟಿನಿಂದ ಎತ್ತಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಿದೆ.

ಎರಡು ಕಿಲೋ ಆಸುಪಾಸಿನ ಮಗುವಿಗೆ ಈ ಸೀಟನ್ನು ಧೈರ್ಯವಾಗಿ ಕೊಳ್ಳಿ. ಬಿಡುಗಡೆಗೆ ಎರಡು ಮೂರು ದಿನ ಮೊದಲೇ ಆಸ್ಪತ್ರೆಗೆ ಒಯ್ಯಿರಿ; ಮರುಪರೀಕ್ಷೆ ಬೇಕಾದರೆ ಸಮಯವಿರುತ್ತದೆ.