ಒಂದೇ ಸಿನಿಮಾ, ನಾಲ್ಕು ಸಲ

ಕಳೆದ ವರ್ಷ ಒಂದೇ ಸಿನಿಮಾವನ್ನು ನಾಲ್ಕು ಸಲ ನೋಡಿದೆ. ಮೊದಲು ಥಿಯೇಟರ್‌ನಲ್ಲಿ, ಆಮೇಲೆ ಮನೆಯ ಟಿವಿಯಲ್ಲಿ ಒಟಿಟಿ ಮೂಲಕ, ಆಮೇಲೆ ಬ್ಲೂ-ರೇ ಡಿಸ್ಕ್ ಹಾಕಿ, ಕೊನೆಗೆ ಪ್ರಯಾಣದಲ್ಲಿ ಫೋನಿನಲ್ಲಿ. ಸಿನಿಮಾದ ಹೆಸರು ಬೇಡ. ಹೇಳಿದರೆ ಮಾತು ಅದು ಚೆನ್ನಾಗಿದೆಯೋ ಇಲ್ಲವೋ ಅನ್ನುವ ಕಡೆ ಹೊರಳುತ್ತದೆ. ಇಷ್ಟು ಸಾಕು: ಅರ್ಧ ಸಿನಿಮಾ ರಾತ್ರಿ, ಅದರಲ್ಲರ್ಧ ಮಳೆ. ಮಾತು ಕಡಿಮೆ, ಹಾಡು ಮೂರೇ.

ಸಿನಿಮಾ ಎಲ್ಲಿ ನೋಡಿದರೆ ಚೆನ್ನ ಅನ್ನುವ ವಿಷಯದಲ್ಲಿ ಎಲ್ಲರೂ ಜಗಳ ಆಡುವುದು ಚಿತ್ರದ ಬಗ್ಗೆ. 4ಕೆ (ಹೆಚ್ಚು ಪಿಕ್ಸೆಲ್) ಇದೆಯಾ, ಎಚ್‌ಡಿಆರ್ (ಬೆಳಕು-ಕತ್ತಲಿನ ಹೆಚ್ಚು ಹರವು) ಇದೆಯಾ, ಎಷ್ಟು ಇಂಚು? ನಾಲ್ಕು ಸಲ ನೋಡಿದ ನನಗೆ ವ್ಯತ್ಯಾಸ ಕಣ್ಣಿಗಿಂತ ಕಿವಿಗೇ ಜಾಸ್ತಿ ಗೊತ್ತಾಯಿತು.

ಒಂದು ದೃಶ್ಯ ಇದೆ. ನಾಯಕಿ ಕಿಟಕಿ ಹತ್ತಿರ ನಿಂತು ಮಳೆ ನೋಡುತ್ತಿದ್ದಾಳೆ, ಒಂದು ನಿಮಿಷ ಏನೂ ನಡೆಯುವುದಿಲ್ಲ. ಆಮೇಲೆ ಅವಳ ಬೆನ್ನ ಹಿಂದೆ ಎಲ್ಲೋ ಚಿಲಕ ಸರಿದ ಸದ್ದು. ಥಿಯೇಟರ್‌ನಲ್ಲಿ ಅದು ನನ್ನ ಬಲಗಡೆ ಹಿಂದಿನಿಂದ ಬಂತು. ನಾನು ತಿರುಗಿ ನೋಡಿದೆ. ನಾಚಿಕೆಯಾಗಿ ಪಕ್ಕಕ್ಕೆ ಕಣ್ಣು ಹಾಯಿಸಿದರೆ ಪಕ್ಕದವರೂ ತಿರುಗಿದ್ದರು. ಅಲ್ಲಿ ಮಾತು ಬರುವುದು ಪರದೆಯ ಹಿಂದಿರುವ ನಡುವಿನ ಸ್ಪೀಕರ್‌ನಿಂದ. ಸದ್ದು ಆಚೆ ಬರಲೆಂದೇ ಪರದೆ ತುಂಬ ಸಣ್ಣ ಸಣ್ಣ ತೂತು ಇರುತ್ತವೆ. ಮಿಕ್ಕ ಸದ್ದು ಪಕ್ಕದ, ಹಿಂದಿನ ಗೋಡೆಗಳಿಂದ. ಡಿಜಿಟಲ್ ಥಿಯೇಟರ್‌ಗಳಿಗೆ ಹಾಲಿವುಡ್ ಸ್ಟುಡಿಯೋಗಳು ಸೇರಿ 2005ರಲ್ಲಿ ಹಾಕಿಕೊಟ್ಟ ನಿಯಮದ ಪ್ರಕಾರ ಸದ್ದಿನ ಡೇಟಾವನ್ನು ಒಂಚೂರೂ ಅದುಮುವ ಹಾಗಿಲ್ಲ, ಚಿತ್ರದ ಡೇಟಾಗೆ ಸೆಕೆಂಡಿಗೆ 250 ಮೆಗಾಬಿಟ್ ತನಕ ಜಾಗ. ಕಾಗದದ ಮೇಲೆ ಇದನ್ನು ಮೀರಿಸುವುದು ಯಾವುದೂ ಇಲ್ಲ.

ಕಾಗದದ ಮೇಲೆ. ನಾನು ಹೋದ ಥಿಯೇಟರ್‌ನಲ್ಲಿ ಪ್ರೊಜೆಕ್ಟರ್‌ನ ಬೆಳಕು ಮಂಕಾಗಿತ್ತು. ರಾತ್ರಿಯ ದೃಶ್ಯಗಳಲ್ಲಿ ನಾಯಕನ ಮುಖಕ್ಕಿಂತ ಬಾಗಿಲ ಮೇಲಿನ ‘ಹೊರಗೆ’ ಬೋರ್ಡೇ ಚೆನ್ನಾಗಿ ಕಾಣುತ್ತಿತ್ತು. ಮುಂದಿನ ಸಾಲಿನವರೊಬ್ಬರ ಫೋನ್ ಬೆಳಕು ಬೇರೆ. ಆದರೂ ಆ ಚಿಲಕದ ಸದ್ದಿಗೆ ಎಲ್ಲ ಮಾಫಿ.

ಎರಡನೇ ಸಲ, ಒಟಿಟಿಯಲ್ಲಿ, ಅಮ್ಮನ ಜೊತೆ ನೋಡಿದೆ. ಅದೇ ದೃಶ್ಯ ಬಂತು. ನಾಯಕಿ ಬೆಚ್ಚಿ ತಿರುಗಿದಳು. ಅಮ್ಮ ಕೇಳಿದರು, “ಇವಳು ಯಾಕೋ ಬೆಚ್ಚಿಬಿದ್ದಳು?”

ಚಿಲಕ ಕೇಳಿಸಿಯೇ ಇರಲಿಲ್ಲ. ಆರು ದಾರಿಯಲ್ಲಿ ಬರಬೇಕಾದ ಸದ್ದನ್ನೆಲ್ಲ ಟಿವಿಯ ಎರಡು ಪುಟ್ಟ ಸ್ಪೀಕರ್‌ಗಳಿಗೆ ತುರುಕಿದಾಗ ಚಿಲಕ ಮಳೆಯ ಹಿಂದೆ ಮುಚ್ಚಿಹೋಗಿತ್ತು. ಮಾತಿನ ಗತಿಯೂ ಅದೇ. ಪಿಸುಮಾತಿಗೆ ವಾಲ್ಯೂಮ್ ಏರಿಸು, ಹಾಡು ಬಂದರೆ ಇಳಿಸು, ಎರಡು ಗಂಟೆ ರಿಮೋಟ್ ಕೈಯಿಂದ ಕೆಳಗಿಳಿಯಲಿಲ್ಲ.

ಅಮ್ಮನೇ ಇನ್ನೊಂದನ್ನೂ ಹಿಡಿದರು. “ಏನೋ ಇದು, ಸೀರಿಯಲ್ ಥರ ಕಾಣ್ತಿದೆಯಲ್ಲೋ.” ಅದು ಒಟಿಟಿಯ ತಪ್ಪಲ್ಲ, ಟಿವಿಯದು. ಸಿನಿಮಾ ಸೆಕೆಂಡಿಗೆ 24 ಚಿತ್ರಗಳ ಲೆಕ್ಕದಲ್ಲಿ ಓಡುತ್ತದೆ. ಟಿವಿ ತನ್ನ ಜಾಣತನ ತೋರಿಸಲು ನಡುನಡುವೆ ಇಲ್ಲದ ಚಿತ್ರಗಳನ್ನು ತಾನೇ ಹುಟ್ಟಿಸಿ ಸೇರಿಸುತ್ತದೆ. ಆಟ ನೋಡುವವರಿಗೆ ಇದು ವರ. ಸಿನಿಮಾದಲ್ಲಿ ಮಾತ್ರ ನಟರು ಮೇಕಪ್ ಹಾಕಿಕೊಂಡು ಸೆಟ್ಟಿನಲ್ಲಿ ನಿಂತಿದ್ದಾರೆ ಅಂತ ಕಂಡುಬಿಡುತ್ತದೆ. 2018ರ ಡಿಸೆಂಬರ್‌ನಲ್ಲಿ ಟಾಮ್ ಕ್ರೂಸ್, ನಿರ್ದೇಶಕ ಕ್ರಿಸ್ಟೋಫರ್ ಮ್ಯಾಕ್ವಾರಿ ಇಬ್ಬರೂ ಕ್ಯಾಮೆರಾ ಮುಂದೆ ನಿಂತು ‘ದಯವಿಟ್ಟು ಇದನ್ನು ಆಫ್ ಮಾಡಿ’ ಅಂತ ಬೇಡಿಕೊಂಡಿದ್ದು ಸುಮ್ಮನೆ ಅಲ್ಲ. ಮರುವರ್ಷ ‘ಫಿಲ್ಮ್‌ಮೇಕರ್ ಮೋಡ್’ ಅನ್ನುವುದೂ ಪ್ರಕಟವಾಯಿತು. ನಿಮ್ಮ ಟಿವಿಯಲ್ಲಿ ಇದ್ದರೆ ಒಂದೇ ಗುಂಡಿಯಲ್ಲಿ ಕೆಲಸ ಮುಗಿಯುತ್ತದೆ. ನನ್ನದರಲ್ಲಿ ಮೂರು ಮೆನು ಒಳಗೆ ಇಳಿಯಬೇಕಾಯಿತು. ಡಿಸ್ಕ್ ಪ್ಲೇಯರ್ ಜೋಡಿಸಿದಾಗ ಅದೇ ಕಸರತ್ತು ಮತ್ತೆ, ಯಾಕೆಂದರೆ ಪ್ರತಿ ಎಚ್‌ಡಿಎಂಐ ಕಿಂಡಿಗೂ ಸೆಟ್ಟಿಂಗ್ ಬೇರೆ ಬೇರೆ.

ಇನ್ನು ಮಳೆ. ನೆಟ್‌ಫ್ಲಿಕ್ಸ್‌ನಂಥ ಒಟಿಟಿಯವರು 4ಕೆಗೆ ಕೇಳುವುದು ಸೆಕೆಂಡಿಗೆ ಸುಮಾರು 15 ಮೆಗಾಬಿಟ್ ವೇಗ. ಅಷ್ಟರಲ್ಲಿ ಹೇಗೆ ಹಿಡಿಸುತ್ತಾರೆ ಅಂದರೆ, ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಬದಲಾಗಿದ್ದನ್ನು ಮಾತ್ರ ಕಳಿಸಿ ಉಳಿದದ್ದನ್ನು ಹಾಗೇ ಉಳಿಸಿಕೊಳ್ಳುತ್ತಾರೆ. ಇಬ್ಬರು ಕೂತು ಮಾತಾಡುವಾಗ ಈ ಉಪಾಯ ಸೊಗಸಾಗಿ ನಡೆಯುತ್ತದೆ. ಮಳೆಯಲ್ಲಿ ಪ್ರತಿ ಚಿತ್ರದಲ್ಲೂ ಪ್ರತಿ ಮೂಲೆಯೂ ಬದಲಾಗುತ್ತದಲ್ಲ, ಅಲ್ಲಿ ಉಸಿರು ಕಟ್ಟುತ್ತದೆ. ಹನಿಗಳು ಕಲಸಿದ ಬೂದಿ ಥರ ಆದವು. ಕತ್ತಲ ಆಕಾಶ ಮೆಟ್ಟಿಲು ಮೆಟ್ಟಿಲಾಗಿ ಒಡೆದುಕೊಂಡಿತು.

ನಾನು ಹಾಕಿದ ಬ್ಲೂ-ರೇ 4ಕೆ ಅಲ್ಲ, ಬರೀ 1080 ಗೆರೆಯದು. ಪಿಕ್ಸೆಲ್ ಲೆಕ್ಕ ಹಾಕಿದರೆ ಕಾಲು ಭಾಗ. ಆದರೆ ಚಿತ್ರಕ್ಕೆ ಸೆಕೆಂಡಿಗೆ 40 ಮೆಗಾಬಿಟ್ ತನಕ ಸಿಗುವುದರಿಂದ ಮಳೆ ಮಳೆಯಾಗೇ ಇತ್ತು, ಒಂದೊಂದು ಎಳೆ ಬೇರೆ ಬೇರೆ. ನಿಜ ಹೇಳಬೇಕೆಂದರೆ ಹಗಲಿನ ದೃಶ್ಯಗಳಲ್ಲಿ ಎರಡನ್ನೂ ಅದಲು ಬದಲು ಮಾಡಿ ನೋಡಿದರೂ ಸೋಫಾದಿಂದ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಗೊತ್ತಾಗುತ್ತದೆ ಅನ್ನುವವರ ಜೊತೆ ವಾದ ಇಲ್ಲ, ಅವರ ಕಣ್ಣು ಚೆನ್ನಾಗಿರಬಹುದು.

ಡಿಸ್ಕ್ ಪೂರ್ತಿ ನೋಡಿದ್ದು ಐದು ಸ್ಪೀಕರ್ ಜೋಡಿಸಿಟ್ಟ ಗೆಳೆಯನ ಮನೆಯಲ್ಲಿ. ಚಿಲಕ ಮತ್ತೆ ಬೆನ್ನ ಹಿಂದಿನಿಂದ ಬಂತು. ಡಿಸ್ಕ್ ಗೆದ್ದಿತು ಅಂತ ತೀರ್ಪು ಕೊಟ್ಟೇಬಿಟ್ಟಿದ್ದೆ. ಗೆಳೆಯ ಸುಮ್ಮನಿರುವ ಜನ ಅಲ್ಲ. “ತಡೀ ಮಾರಾಯ,” ಅಂತ ಅದೇ ಸ್ಪೀಕರ್‌ಗಳಿಗೆ ಒಟಿಟಿಯನ್ನೂ ಜೋಡಿಸಿದ. ಅದರಲ್ಲೂ ಚಿಲಕ ಹಿಂದಿನಿಂದಲೇ ಬಂತು! ಅಂದರೆ ಇಷ್ಟು ದಿನ ನಾನು ಒಟಿಟಿಗೆ ಹಾಕಿದ ಬೈಗುಳದಲ್ಲಿ ಮುಕ್ಕಾಲು ಪಾಲು ಟಿವಿಯ ಸ್ಪೀಕರ್‌ಗೆ ಸೇರಬೇಕಾದದ್ದು. ಉಳಿದ ಕಾಲು ಪಾಲು ಇತ್ತು, ಇಲ್ಲ ಅನ್ನಲಾರೆ. ಎರಡನೇ ಹಾಡಿನ ಕೊನೆಯಲ್ಲಿ ಚೆಲ್ಲೋ ಒಂದು ಸ್ವರ ಎಳೆದು ಬಿಡುತ್ತದೆ. ಡಿಸ್ಕ್‌ನಲ್ಲಿ ಆ ನಾದ ಕೋಣೆಯಲ್ಲಿ ನಿಧಾನ ಕರಗಿತು, ಒಟಿಟಿಯಲ್ಲಿ ಯಾರೋ ಕದ ಹಾಕಿದ ಹಾಗೆ ಸ್ವಲ್ಪ ಬೇಗ ನಿಂತಿತು. ಹಣ ಕೂಡಿಟ್ಟು ದೊಡ್ಡ ಟಿವಿ ತರಬೇಕು ಅಂತಿದ್ದವನು ಈಗ ಸ್ಪೀಕರ್ ಹುಡುಕುತ್ತಿದ್ದೇನೆ.

ಹಾಡಿನ ಮಾತು ಬಂದದ್ದಕ್ಕೆ ಒಂದು ಹಳೇ ತಗಾದೆ. ನನ್ನ ಹತ್ತಿರ ಪ್ಯಾಲ್ ಪದ್ಧತಿಯ (ನಮ್ಮ ಕಡೆಯ ಹಳೇ ಟಿವಿ ಪದ್ಧತಿ) ಕೆಲವು ಹಳೇ ಡಿವಿಡಿಗಳಿವೆ. 24ರ ಲೆಕ್ಕದಲ್ಲಿ ತೆಗೆದ ಸಿನಿಮಾವನ್ನು ಅವುಗಳಲ್ಲಿ 25ರ ಲೆಕ್ಕದಲ್ಲಿ ಓಡಿಸುತ್ತಾರೆ. ಶೇ. 4ರಷ್ಟು ಅವಸರ, ಎರಡು ಗಂಟೆಯ ಸಿನಿಮಾ 1 ಗಂಟೆ 55 ನಿಮಿಷಕ್ಕೇ ಮುಗಿಯುತ್ತದೆ. ಸರಿಪಡಿಸದೆ ಬಿಟ್ಟರೆ ಹಾಡಿನ ಶ್ರುತಿಯೂ ಏರುತ್ತದೆ, ಕೀಬೋರ್ಡ್‌ನ ಒಂದು ಮನೆಯಿಂದ ಪಕ್ಕದ ಮನೆಗಿರುವ ಅಂತರದ ಮುಕ್ಕಾಲಿಗೆ ಹತ್ತಿರ. ಸಿ.ಡಿ.ಯಲ್ಲಿ ಕೇಳಿದ ಹಾಡು ಸಿನಿಮಾದಲ್ಲಿ ಯಾಕೆ ಚುರುಕಾಗಿದೆ ಅಂತ ತಲೆ ಕೆಡಿಸಿಕೊಂಡು, ಗಾಯಕರು ಎರಡು ಸಲ ಹಾಡಿದ್ದಾರೆ ಅಂತ ವರ್ಷಗಟ್ಟಲೆ ವಾದ ಮಾಡಿದವನು ನಾನು.

ಡಬ್ಬಿಂಗ್ ಆವೃತ್ತಿಯನ್ನೂ ಹತ್ತು ನಿಮಿಷ ಹಾಕಿ ನೋಡಿದೆ. ಮಳೆ, ಚಿಲಕ ಎಲ್ಲ ಹಾಗೇ ಇದ್ದವು. ಸಂಗೀತ, ಸದ್ದುಗಳ ಟ್ರ್ಯಾಕನ್ನು ಮಾತಿನಿಂದ ಬೇರ್ಪಡಿಸಿಯೇ ಕೊಡುತ್ತಾರೆ. ಹೋಗಿದ್ದು ಕಿಟಕಿ ಹತ್ತಿರ ನಿಂತವಳ ಉಸಿರು. ಮಾತು ಇಲ್ಲದ ಕಡೆ ಕಂಠದಾನದವರು ಉಸಿರಾಡಿರಲಿಲ್ಲ. ನಾನು ಸಬ್‌ಟೈಟಲ್ ಪಕ್ಷ.

ಫೋನನ್ನು ಆಡಿಕೊಳ್ಳಬೇಕು ಅಂತಲೇ ಹಿಡಿದಿದ್ದೆ. ಮುಖ ಉಳಿಸಿಕೊಂಡಿತು. ಅಗಲ ಎತ್ತರದ 2.39 ಪಟ್ಟು ಇರುವ ಚಿತ್ರಕ್ಕೆ ಟಿವಿ ಪರದೆಯ ಕಾಲು ಭಾಗ ಕಪ್ಪು ಪಟ್ಟಿಯಾಗಿ ದಂಡವಾಗುತ್ತದೆ. ಈಗಿನ ಉದ್ದುದ್ದ ಫೋನ್‌ಗಳಲ್ಲಿ ಅದು ಬಹುತೇಕ ತುಂಬಿಕೊಳ್ಳುತ್ತದೆ. ಬಯಲಲ್ಲಿ ನಡೆದುಬರುವ ನಾಯಕ ಇರುವೆಯಾಗಿದ್ದು ಬೇರೆ ಮಾತು. ಆದರೆ ಹೆಡ್‌ಫೋನ್ ಹಾಕಿದ್ದೆನಲ್ಲ, ಚಿಲಕದ ಸದ್ದಿಗೆ ಮೊದಲೇ ನಾಯಕಿ ಏನೋ ಪಿಸುಗುಟ್ಟುತ್ತಾಳೆ ಅಂತ ಗೊತ್ತಾಯಿತು. ಒಂದು ಹೆಸರು. ಮೂರು ಸಲ ನೋಡಿದರೂ ಕೇಳಿಸಿರಲಿಲ್ಲ, ಸಬ್‌ಟೈಟಲ್‌ನಲ್ಲೂ ಇರಲಿಲ್ಲ. ಅವಳು ಬಾಗಿಲು ತೆರೆಯುವುದನ್ನೇ ಕಾಯುತ್ತಿದ್ದಳು.

ಇನ್ನು ಕೊನೆಯ ಹೆಸರುಗಳು. ಒಟಿಟಿಯಲ್ಲಿ ಹಾಡು ಶುರುವಾಗಿ ಎರಡು ಸಾಲು ಆಗಿರಲಿಲ್ಲ, ಚಿತ್ರ ಮೂಲೆಗೆ ಮುದುಡಿಕೊಂಡು ಯಾವುದೋ ಕೊಲೆ ಸರಣಿಯ ಟ್ರೇಲರ್ ಕಿರುಚಿತು. ಫೋನಿನಲ್ಲೂ ಹಾಗೇ. ಥಿಯೇಟರ್‌ನಲ್ಲಿ ಮೊದಲ ಹೆಸರಿಗೇ ದೀಪ ಹಾಕಿ, ಪೊರಕೆ ಹಿಡಿದವರು ಬಾಗಿಲಲ್ಲಿ ನಿಂತಿದ್ದರು, ಎದ್ದು ಬಂದೆ. ಡಿಸ್ಕ್‌ನಲ್ಲಿ ಮಾತ್ರ ಪೂರ್ತಿ ಓಡಿತು. ಕೊನೆಯ ಹೆಸರು ಮೇಲೆ ಹೋಗಿ ಪರದೆ ಕಪ್ಪಾದ ಮೇಲೆ ಬರೀ ಮಳೆ. ಗೆಳೆಯ ರಿಮೋಟ್ ಎತ್ತಿಕೊಂಡಿದ್ದ. ಅಷ್ಟರಲ್ಲಿ ಹಿಂದಿನಿಂದ, ಅದೇ ಬಲಗಡೆಯಿಂದ, ಚಿಲಕ ಹಾಕಿಕೊಂಡ ಸದ್ದು.