ಮಕ್ಕಳ ಜೊತೆ ವಿಜ್ಞಾನ ಮ್ಯೂಸಿಯಂ: ಪಿಲಿಕುಳವೋ, ಕಲ್ಲಿಕೋಟೆಯೋ, ಬೆಂಗಳೂರೋ?

ಮಕ್ಕಳು ಮುಟ್ಟಿ, ತಿರುಗಿಸಿ, ಒತ್ತಿ ನೋಡುವಂಥ ಮ್ಯೂಸಿಯಂ ಬೇಕೆಂದರೆ ಕಾಸರಗೋಡಿನಿಂದ ನಮಗೆ ಮೂರು ದಾರಿ. ಉತ್ತರಕ್ಕೆ ಮಂಗಳೂರಿನ ಪಿಲಿಕುಳ, ದಕ್ಷಿಣಕ್ಕೆ ಕಲ್ಲಿಕೋಟೆಯ ಪ್ರಾದೇಶಿಕ ವಿಜ್ಞಾನ ಕೇಂದ್ರ, ರಾತ್ರಿ ರೈಲು ಹತ್ತಿದರೆ ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ. ಮೂರಕ್ಕೂ ಮಕ್ಕಳನ್ನು ಕರಕೊಂಡು ಹೋಗಿದ್ದೇವೆ. ಮಗಳು ಏಳನೇ ಕ್ಲಾಸ್, ಮಗ ಎರಡನೇ ಕ್ಲಾಸ್. ಇಬ್ಬರೂ ಕನ್ನಡ ಮೀಡಿಯಂ. ನಾನು ಮುಖ್ಯವಾಗಿ ಗಮನಿಸಿದ್ದು ಒಂದು ವಿಷಯ: ನಾವು ಪಕ್ಕದಲ್ಲಿ ನಿಂತು ವಿವರಿಸದೆ ಮಕ್ಕಳು ತಾವಾಗಿಯೇ ಎಷ್ಟು ಹೊತ್ತು ಒಂದೊಂದರ ಮುಂದೆ ನಿಲ್ಲುತ್ತಾರೆ?

ಈ ಲೆಕ್ಕದಲ್ಲಿ ಬೆಂಗಳೂರಿನದ್ದೇ ಮೇಲು. ಕಬ್ಬನ್ ಪಾರ್ಕಿನ ಅಂಚಿಗೆ, ಕಸ್ತೂರಬಾ ರಸ್ತೆಯಲ್ಲಿದೆ. 1962ರಲ್ಲಿ ನೆಹರೂ ಉದ್ಘಾಟಿಸಿದ ಕಟ್ಟಡ. ವಿವರಣೆಗಳು ಕನ್ನಡದಲ್ಲೂ ಇವೆ, ನಮ್ಮ ಮಕ್ಕಳಿಗೆ ಇದು ದೊಡ್ಡ ವಿಷಯ. ಮಗಳು ತಾನೇ ಓದಿದಳು, ತಾನೇ ಬಟನ್ ಒತ್ತಿದಳು, ಆಮೇಲೆ ತಮ್ಮನಿಗೆ ಹೇಳಿಕೊಟ್ಟಳು. ನಾವು ಹಿಂದೆ ಸುಮ್ನೆ ನಿಂತಿದ್ದೆವು. ಎಂಜಿನ್ ಹಾಲ್‌ನಲ್ಲಿ ಅವಳನ್ನು ಎಬ್ಬಿಸುವುದೇ ಕಷ್ಟವಾಯಿತು. ಚಿಕ್ಕ ಗೇರ್ ಯಾಕೆ ಜಾಸ್ತಿ ಸುತ್ತು ತಿರುಗುತ್ತದೆ ಎಂದು ಹಲ್ಲುಗಳನ್ನು ಎಣಿಸುತ್ತಾ ಕೂತಳು. ಪಾಠದಲ್ಲಿ ಓದಿದ್ದು ಅಲ್ಲಿ ಕಣ್ಣೆದುರು ತಿರುಗುತ್ತಿತ್ತು. ಮಗನಿಗೆ ಬಾಯಿ ತೆರೆದು ಕತ್ತು ಆಡಿಸುವ ಡೈನೋಸಾರ್ ಸಾಕಾಯಿತು, ಮೊದಲು ಹೆದರಿ ಅಮ್ಮನ ಸೆರಗು ಹಿಡಿದ, ಆಮೇಲೆ ಮತ್ತೆ ಮತ್ತೆ ಅಲ್ಲಿಗೇ ಓಡಿದ. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಪೂರ್ಣ ಗಾತ್ರದ ಮಾದರಿಯೂ ಇದೆ. ಶಬ್ದ, ಬೆಳಕು, ದ್ರವಗಳ ಆಟ ಇರುವ ಫನ್ ಸೈನ್ಸ್ ವಿಭಾಗ ಚಿಕ್ಕವರಿಗೂ ದೊಡ್ಡವರಿಗೂ ಸರಿ. ಆದರೆ ಒಂದೇ ದಿನದಲ್ಲಿ ಎಲ್ಲಾ ಮಹಡಿ ಮುಗಿಸುತ್ತೇವೆಂದು ಹೊರಡಬೇಡಿ. ರಾತ್ರಿ ಪ್ರಯಾಣದ ಆಯಾಸ ಮಧ್ಯಾಹ್ನಕ್ಕೆ ಹೊಡೆಯುತ್ತದೆ. ಎರಡು ವಿಭಾಗ ಚೆನ್ನಾಗಿ ನೋಡಿ, ಊಟ ಮಾಡಿ, ಕಬ್ಬನ್ ಪಾರ್ಕಿನಲ್ಲಿ ಓಡಾಡಲು ಬಿಡಿ.

ಕಲ್ಲಿಕೋಟೆಯದ್ದು ಬೇರೆ ರೀತಿ. ಬೆಳಗಿನ ರೈಲು ಹಿಡಿದು ಹೋಗಿ ರಾತ್ರಿಗೆ ಮನೆ ಸೇರಬಹುದು. ಕೇಂದ್ರ ನಗರದೊಳಗೇ ಇದೆ, ಸ್ಟೇಷನ್ನಿನಿಂದ ಆಟೋ ಸಾಕು. ಇಡೀ ದಿನ ಬೇಕಾಗುವಷ್ಟು ದೊಡ್ಡದಲ್ಲ, ಚಿಕ್ಕ ಮಕ್ಕಳಿದ್ದರೆ ಅದೇ ಅನುಕೂಲ. ಕನ್ನಡಿಗಳ ವಿಭಾಗ ನನಗೆ ಬಹಳ ಹಿಡಿಸಿತು. ಉದ್ದ, ಗಿಡ್ಡ, ತಲೆಕೆಳಗಾದ ತನ್ನನ್ನೇ ನೋಡಿ ಮಗ ಬಿದ್ದು ಬಿದ್ದು ನಕ್ಕ. ಹತ್ತಿರ ಹೋದರೆ ನೇರ, ದೂರ ಸರಿದರೆ ತಲೆಕೆಳಗು ಆಗುವ, ಒಳಕ್ಕೆ ಬಾಗಿದ ಕನ್ನಡಿಯ ಮುಂದೆ ಮಗಳು ಒಂದೊಂದೇ ಹೆಜ್ಜೆ ಹಿಂದಿಟ್ಟು, ಯಾವ ಜಾಗದಲ್ಲಿ ಬದಲಾಗುತ್ತದೆ ಎಂದು ಹುಡುಕಿದಳು. ವಿವರಣೆ ಮಲಯಾಳಂ, ಇಂಗ್ಲಿಷಿನಲ್ಲಿ. ನಮ್ಮ ಮಕ್ಕಳಿಗೆ ಮಲಯಾಳಂ ಮಾತು ತಿಳಿಯುತ್ತದೆ, ಓದುವುದು ನಿಧಾನ. ಹಾಗಾಗಿ ಇಲ್ಲಿ ನಾನು ಜೊತೆಗಿರಬೇಕಾಯಿತು. ತಾರಾಲಯದಲ್ಲಿ ಮಾತ್ರ ಆ ತೊಂದರೆ ಬರಲಿಲ್ಲ, ಕೇಳಿಯೇ ಅರ್ಥ ಮಾಡಿಕೊಂಡರು.

ಪಿಲಿಕುಳ ನಮಗೆ ಅತಿ ಹತ್ತಿರ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಅಲ್ಲಿಂದ ಮತ್ತೊಂದು ಬಸ್. ವಿಜ್ಞಾನ ಕೇಂದ್ರದ ಜೊತೆಗೆ 2018ರಲ್ಲಿ ಶುರುವಾದ ಸ್ವಾಮಿ ವಿವೇಕಾನಂದ ತಾರಾಲಯ ಇದೆ. 18 ಮೀಟರ್ ಗುಮ್ಮಟ, ಕನ್ನಡಕ ಹಾಕಿ ನೋಡುವ ತ್ರೀಡಿ ಪ್ರದರ್ಶನ. ನಕ್ಷತ್ರಗಳು ಮೈಮೇಲೆ ಬಂದಂತೆ ಕಾಣುತ್ತವೆ, ಇದಕ್ಕೆ ಕಲ್ಲಿಕೋಟೆಯೂ ಬೆಂಗಳೂರಿನ ಮ್ಯೂಸಿಯಮ್ಮೂ ಸಾಟಿಯಲ್ಲ. ಕತ್ತಲೆಗೆ ಹೆದರುವ ಮಗು ಇದ್ದರೆ ಅಂಚಿನ ಸೀಟು ಹಿಡಿಯಿರಿ. ಇಲ್ಲಿ ನನ್ನ ತಕರಾರು ಒಂದೇ: ಮೃಗಾಲಯ, ಕೆರೆ, ಕುಶಲಕರ್ಮಿಗಳ ಗ್ರಾಮ ಎಲ್ಲಾ ಒಂದೇ ಕಡೆ ಇರುವುದರಿಂದ ಮಕ್ಕಳ ಮನಸ್ಸು ಹುಲಿಯ ಕಡೆಗೇ ಎಳೆಯುತ್ತದೆ. ಬೆಳಗ್ಗೆ ಮೊದಲು ವಿಜ್ಞಾನ ಕೇಂದ್ರಕ್ಕೇ ಹೋಗಿ, ಮೃಗಾಲಯ ಆಮೇಲೆ.

ಎಂಟು ವರ್ಷದೊಳಗಿನ ಮಗುವಿಗೆ ನಾನು ಪಿಲಿಕುಳವನ್ನೇ ಹೇಳುತ್ತೇನೆ. ಗೇರ್, ವಿದ್ಯುತ್ತು, ಎಂಜಿನ್ ಪಾಠ ಶುರುವಾದ ಮಕ್ಕಳನ್ನು ಬೆಂಗಳೂರಿಗೆ ಕರಕೊಂಡು ಹೋಗಿ, ಖರ್ಚು ಜಾಸ್ತಿಯಾದರೂ ಒಂದು ರಾತ್ರಿ ಅಲ್ಲೇ ಉಳಿಯಿರಿ. ಮ್ಯೂಸಿಯಂ ಬೆಳಗ್ಗೆ 9.30ಕ್ಕೆ ತೆರೆಯುತ್ತದೆ, ಶಾಲೆಗಳ ಬಸ್ಸು ಬರುವ ಮೊದಲು ಎಂಜಿನ್ ಹಾಲ್ ಸೇರಿಕೊಳ್ಳಿ. ಪಿಲಿಕುಳಕ್ಕೆ ಸೋಮವಾರ ಮಾತ್ರ ಹೊರಡಬೇಡಿ, ಅಂದು ರಜೆ.